ಟೈರಿನೊಳಗಿನ ಫೋಮ್: ಎರಡು ಮಳೆಗಾಲ ಕಳೆದ ಮೇಲೆ

ಆಟದ ರಿಮೋಟ್ ಟ್ರಕ್ಕು ಕೊಂಡ ವರ್ಷದ ಮಳೆಗಾಲದಲ್ಲಿ ಅದರ ಒಂದೊಂದು ಚಕ್ರವೂ ಅರ್ಧರ್ಧ ಲೋಟ ನೀರು ಕುಡಿದುಕೊಂಡು ಮನೆಗೆ ಬರುತ್ತಿತ್ತು. ಉತ್ಪ್ರೇಕ್ಷೆಯಲ್ಲ, ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದ ಲೆಕ್ಕ: ಒಣಗಿದ್ದಾಗ 165 ಗ್ರಾಂ ಇದ್ದ ಚಕ್ರ ಹಳ್ಳ ದಾಟಿ ಬಂದ ಮೇಲೆ 245 ಗ್ರಾಂ. ನಾಲ್ಕು ಚಕ್ರ ಸೇರಿ 320 ಗ್ರಾಂ ನೀರು. ಮೂರು ಕಿಲೋ ಕೂಡ ತೂಗದ ರಿಮೋಟ್ ಟ್ರಕ್ಕಿಗೆ ಇದು ಸಣ್ಣ ಹೊರೆಯಲ್ಲ. ಜಗಲಿಯ ಮೇಲೆ ನಿಲ್ಲಿಸಿದರೆ ರಾತ್ರಿಯಿಡೀ ತೊಟ್ಟಿಕ್ಕುತ್ತಿತ್ತು. ಮೂರನೆಯ ದಿನ ಅದರಿಂದ, ಒಗೆಯಲು ಮರೆತ ಕಾಲುಚೀಲದ ವಾಸನೆ. ಹೆಂಡತಿ ಏನೂ ಹೇಳಲಿಲ್ಲ. ಒಂದು ಬೆಳಿಗ್ಗೆ ನೋಡಿದರೆ ಟ್ರಕ್ಕು ಕಟ್ಟಿಗೆಯ ಕೊಟ್ಟಿಗೆಯಲ್ಲಿತ್ತು.

ಬಂಡೆ ಹತ್ತುವ, ನಿಜವಾದ ಗಾಡಿಯ ಹತ್ತನೇ ಒಂದು ಅಳತೆಯ ಈ ಕ್ರಾಲರ್‌ಗಳ ಬಗ್ಗೆ ಬರೆಯುವವರೆಲ್ಲ ಮೋಟಾರು, ಬ್ಯಾಟರಿ, ಚಕ್ರ ಹೊರಳಿಸುವ ಸರ್ವೋ ಎನ್ನುತ್ತಾರೆ. ಟೈರಿನ ವಿಷಯಕ್ಕೆ ಬಂದರೆ ಅದರ ಹಲ್ಲಿನ ವಿನ್ಯಾಸದ ಬಳಿಯೇ ನಿಂತುಬಿಡುತ್ತಾರೆ. ನಾನೂ ಹಾಗೆಯೇ ಎರಡು ಜೊತೆ ಟೈರು ಬದಲಿಸಿ ದುಡ್ಡು ಕಳೆದೆ. ಹೊಟ್ಟೆಯೊಳಗೆ ಏನಿದೆ ಎಂದು ನೋಡಲಿಲ್ಲ. ಈ ಟೈರಿಗೆ ಟ್ಯೂಬಿಲ್ಲ, ಗಾಳಿ ತುಂಬುವುದೂ ಇಲ್ಲ. ರಿಮ್ಮಿನಲ್ಲೊಂದು ಸಣ್ಣ ತೂತಿರುತ್ತದೆ, ಗಾಳಿ ಅದರಲ್ಲಿ ಒಳಗೂ ಹೊರಗೂ ಓಡಾಡಿಕೊಂಡಿರುತ್ತದೆ. ಗಾಡಿಯ ಭಾರ ಹೊರುವುದು ಒಳಗಿನ ಫೋಮ್ ಬಳೆ. ಗಾಡಿಯ ಜೊತೆಗೇ ಬಂದದ್ದು ಓಪನ್ ಸೆಲ್ ಫೋಮ್, ಅಂದರೆ ಪಾತ್ರೆ ತಿಕ್ಕುವ ಸ್ಪಂಜಿನ ಜಾತಿ. ಅದರ ಗುಳ್ಳೆಗಳೆಲ್ಲ ಒಂದಕ್ಕೊಂದು ತೆರೆದುಕೊಂಡಿರುತ್ತವೆ. ಮೆತ್ತಗಿರುವುದೂ ಅದಕ್ಕೇ, ನೀರು ಹೀರುವುದೂ ಅದಕ್ಕೇ. ವೇಗದ ಗಾಡಿಗಳಿಗೆ ಇದು ಅಷ್ಟು ತೊಂದರೆಯಲ್ಲ. ಟೈರಿಗೆ ತೂತು ಹೊಡೆದರೆ ತಿರುಗುವ ರಭಸಕ್ಕೆ ನೀರು ಚಿಮ್ಮಿ ಹೋಗುತ್ತದೆ. ನನ್ನದು ಮನುಷ್ಯ ನಡೆಯುವುದಕ್ಕಿಂತ ನಿಧಾನದ ಗಾಡಿ. ಚಪ್ಪಲಿ ಹೊಲಿಯುವವರಿಂದ ಟೈರುಗಳಿಗೆ 3 ಮಿಲಿಮೀಟರಿನ ತೂತು ಹೊಡೆಸಿಕೊಂಡು ಬಂದೆ. ನೀರು ಹೋಗಲಿಲ್ಲ, ಹೊಳೆಯ ಮರಳು ಒಳಗೆ ಬಂತು.

ಆಮೇಲೆ ತರಿಸಿದ್ದು ಎರಡು ಪದರದ ಫೋಮ್. ಒಳಗಿನ ಬಳೆ ಗಟ್ಟಿ, ಕ್ಲೋಸ್ಡ್ ಸೆಲ್. ಅದರ ಗುಳ್ಳೆಗಳು ಒಂದೊಂದೂ ಮುಚ್ಚಿಕೊಂಡಿರುವುದರಿಂದ ನೀರು ಹಿಡಿಯುವುದಿಲ್ಲ. ಅದರ ಸುತ್ತ ಮೆತ್ತನೆಯ ಇನ್ನೊಂದು ಬಳೆ ಅಂಟಿಸಿರುತ್ತಾರೆ. ಹೊರಗಿನದು ಕಲ್ಲಿಗೆ ಅಪ್ಪಿಕೊಳ್ಳಲು, ಒಳಗಿನದು ರಿಮ್ಮು ಕಲ್ಲಿಗೆ ಬಡಿಯದಂತೆ ಮತ್ತು ಗಾಡಿ ವಾಲಿದಾಗ ಟೈರು ಮಗುಚಿಕೊಳ್ಳದಂತೆ ತಡೆಯಲು. ನಾಲ್ಕು ಫೋಮಿಗೆ ಸಾಗಣೆ, ಸುಂಕ ಎಲ್ಲ ಸೇರಿ 3,600 ರೂಪಾಯಿ ಬಿತ್ತು. ಆ ದುಡ್ಡಿಗೆ ನಾನು ದಿನಾ ಓಡಿಸುವ ನಿಜವಾದ ಬೈಕಿಗೆ ಎರಡೂ ಟೈರು ಬರುತ್ತಿದ್ದವು. ಈ ಹೋಲಿಕೆಯನ್ನು ಮನೆಯಲ್ಲಿ ಯಾರಿಗೂ ಹೇಳಿಲ್ಲ.

ಪೆಟ್ಟಿಗೆ ಬಂದ ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಜಗಲಿಯಲ್ಲಿ ಹಳೆಯ ಪೇಪರ್ ಹಾಸಿ ಕುಳಿತೆ. ನನ್ನದು ಬೀಡ್‌ಲಾಕ್ ರಿಮ್ಮು. ಟೈರಿನ ಅಂಚನ್ನು ಅಂಟಿಸುವುದಿಲ್ಲ, ಒಂದು ಬಳೆಯಿಟ್ಟು ಸ್ಕ್ರೂಗಳಿಂದ ಬಿಗಿಯುತ್ತಾರೆ. ಅಂಟಿಸಿದ ಟೈರು ಇರುವವರು ಅದನ್ನು ಕುದಿಯುವ ನೀರಿನಲ್ಲಿ ಹಾಕಿ, ಅಂಟು ಸಡಿಲಾದ ಮೇಲೆ ಬೆರಳು ಸುಟ್ಟುಕೊಳ್ಳುತ್ತ ಕೀಳಬೇಕು. ನನಗೆ ಆ ಕಷ್ಟವಿಲ್ಲ, ಬೇರೆ ಕಷ್ಟವಿದೆ. ಒಂದು ಬದಿಗೆ ಹತ್ತು ಸ್ಕ್ರೂ, ಚಕ್ರಕ್ಕೆ ಇಪ್ಪತ್ತು, ನಾಲ್ಕು ಚಕ್ರಕ್ಕೆ ಎಂಬತ್ತು. ಒಂದೊಂದೂ ಸಾಸಿವೆಗಿಂತ ಸ್ವಲ್ಪ ದೊಡ್ಡದು. ಮೊದಲ ಸಲ ಅವನ್ನು ಪೇಪರಿನ ಮೇಲೆ ಇಟ್ಟಿದ್ದೆ. ಬೆಕ್ಕು ನಡೆದು ಹೋಯಿತು. ಈಗ ಅಂಚಿರುವ ಸ್ಟೀಲ್ ತಟ್ಟೆ, ತಟ್ಟೆಯ ಕೆಳಗೆ ಹಳೆಯ ಸ್ಪೀಕರಿನ ಅಯಸ್ಕಾಂತ. ಸ್ಟೀಲಿನ ಸ್ಕ್ರೂ ಅಲ್ಲಾಡುವುದಿಲ್ಲ.

ಫೋಮ್ ತೂರಿಸುವುದು ಸುಲಭ, ಸರಿಯಾಗಿ ಕೂರಿಸುವುದು ಕಷ್ಟ. ರಬ್ಬರಿನ ಒಳಮೈ ಅಂಟಂಟಾಗಿ ಹಿಡಿದುಕೊಳ್ಳುವುದರಿಂದ ಫೋಮ್ ಎಲ್ಲಿ ಮುಟ್ಟಿತೋ ಅಲ್ಲೇ ಸಿಕ್ಕಿಕೊಂಡು ಮಡಚಿಕೊಳ್ಳುತ್ತದೆ. ಮದ್ದು ಟಾಲ್ಕಮ್ ಪೌಡರ್. ನಮ್ಮ ಮನೆಯಲ್ಲಿದ್ದದ್ದು ಮೈಸೂರು ಸ್ಯಾಂಡಲ್. ಟೈರಿನೊಳಗೆ ಎರಡು ಚಿಟಿಕೆ ಉದುರಿಸಿ ರೊಟ್ಟಿಯ ಹಿಟ್ಟಿನ ಹಾಗೆ ಸವರಿದರೆ ಫೋಮ್ ಜಾರಿಕೊಂಡು ತನ್ನ ಜಾಗಕ್ಕೆ ಹೋಗುತ್ತದೆ. ಆಮೇಲೆ ತೋರುಬೆರಳನ್ನು ಒಳಗೆ ಬಿಟ್ಟು ಒಂದು ಸುತ್ತು, ಕಣ್ಣು ಮುಚ್ಚಿಕೊಂಡು. ಮಡಿಕೆ, ಉಬ್ಬು ಇದ್ದರೆ ಬೆರಳಿಗೆ ಗೊತ್ತಾಗುತ್ತದೆ, ಕಣ್ಣಿಗೆ ಕಾಣುವುದಿಲ್ಲ. ನಂತರ ರಿಮ್ಮು, ಅಂಚು, ಬಳೆ. ಸ್ಕ್ರೂಗಳನ್ನು ಸಾಲಾಗಿ ಬಿಗಿಯಬಾರದು. ಟ್ರ್ಯಾಕ್ಟರಿನ ಚಕ್ರದ ನಟ್ಟಿನ ಹಾಗೆ ಒಂದಾದ ಮೇಲೆ ಅದರ ಎದುರಿನದು, ಮೊದಲ ಸುತ್ತು ಸಡಿಲ, ಎರಡನೆಯ ಸುತ್ತು ಗಟ್ಟಿ. ಎಲ್ಲ ಮುಗಿಯುವಾಗ ದೀಪ ಹಚ್ಚುವ ಹೊತ್ತು. ಮೊದಲ ತಿಂಗಳು ನನ್ನ ಟ್ರಕ್ಕು ಹಳ್ಳದಿಂದ ಹತ್ತಿ ಬರುವಾಗಲೂ ಗಂಧದ ವಾಸನೆ ಬರುತ್ತಿತ್ತು. ಕಟ್ಟಿಗೆಯ ಕೊಟ್ಟಿಗೆಯಿಂದ ಜಗಲಿಗೆ ಬಡ್ತಿ ಸಿಕ್ಕಿದ್ದು ಆಗಲೇ.

ಹಿಂಬದಿಯ ಎಡಚಕ್ರದಲ್ಲಿ ಮಾತ್ರ ಅವಸರ ಮಾಡಿದೆ. ಫೋಮಿನ ಅಂಚು ಅಕ್ಕಿಕಾಳಿನಷ್ಟು ಟೈರಿನ ಅಂಚಿನ ಕೆಳಗೆ ಸಿಕ್ಕಿತ್ತು. ನೆಲದ ಮೇಲೆ ಓಡಿಸಿದರೆ ಪ್ರತಿ ಸುತ್ತಿಗೂ ಒಂದು ಕುಂಟು. ಎರಡು ವಾರ ಆಕ್ಸಲ್ ಬಾಗಿದೆಯೇನೋ, ಬೇರಿಂಗ್ ಹೋಯಿತೇನೋ ಎಂದು ಗಾಡಿಯನ್ನೆಲ್ಲ ಬಿಚ್ಚಿ ಜೋಡಿಸಿದೆ. ಕೊನೆಗೆ ಅಕ್ಕಿಕಾಳು ಸಿಕ್ಕಿತು.

ಕೂರಿಸಿದ ಮೇಲೆ ನನಗೆ ನಿರಾಸೆಯೇ ಆಯಿತು ಎನ್ನುವುದನ್ನೂ ಹೇಳಬೇಕು. ಟೈರಿನ ಹೊರ ಅಳತೆ ಸುಮಾರು 120 ಮಿಲಿಮೀಟರ್ ಎಂದು ಅದಕ್ಕೆ ಹೊಂದುವ ಫೋಮನ್ನೇ ತರಿಸಿದ್ದೆ. ಆದರೆ ನನ್ನ ಗಾಡಿ ಹಗುರ, ಫೋಮ್ ಬಿಗಿ. ಟೈರು ಸ್ವಲ್ಪವೂ ಕುಗ್ಗದೆ ಚೆಂಡಿನ ಹಾಗೆ ನಿಂತಿತ್ತು, ಕಲ್ಲು ಮುಟ್ಟಿದರೆ ಪುಟಿಯುತ್ತಿತ್ತು. ಇಷ್ಟು ದುಡ್ಡು ಕೊಟ್ಟ ವಸ್ತುವಿಗೆ ಕತ್ತರಿ ಹಾಕಲು ಮನಸ್ಸು ಬರಲು ಹತ್ತು ದಿನ ಬೇಕಾಯಿತು. ಕತ್ತರಿ ಕೆಲಸಕ್ಕೆ ಬರಲಿಲ್ಲ, ಫೋಮ್ ಅದರ ಬಾಯಿಯಲ್ಲಿ ಜಜ್ಜಿಹೋಯಿತು. ಬ್ಲೇಡು ಅಡ್ಡಾದಿಡ್ಡಿ ಹೋಯಿತು. ಸರಿಯಾದ ಆಯುಧ ಅಡುಗೆಮನೆಯಲ್ಲೇ ಇತ್ತು, ಈಳಿಗೆಮಣೆ. ಮಣೆಯ ಮೇಲೆ ಕಾಲಿಟ್ಟು ಕುಳಿತು, ಫೋಮನ್ನು ಎರಡೂ ಕೈಯಲ್ಲಿ ಹಿಡಿದು ಬೂದುಗುಂಬಳ ಹೆಚ್ಚುವಂತೆ ತಳ್ಳಿದರೆ ಬೆಣ್ಣೆಯಂಥ ಕತ್ತರಿಕೆ. ಹೊರಗಿನ ಮೆತ್ತನೆಯ ಪದರದಲ್ಲಿ ಬೆರಳಗಲಕ್ಕೊಂದರಂತೆ ಸುತ್ತಲೂ ಸಣ್ಣ ತ್ರಿಕೋನದ ಕಚ್ಚು ಹಾಕಿದೆ. ಮುಂದಿನ ಚಕ್ರಗಳಿಗೆ ಕಡಿಮೆ, ಹಿಂದಿನವಕ್ಕೆ ಸ್ವಲ್ಪ ಜಾಸ್ತಿ. ಈಳಿಗೆಮಣೆಯನ್ನು ತೊಳೆದು ಅದೇ ಜಾಗದಲ್ಲಿ, ಅದೇ ದಿಕ್ಕಿಗೆ ಮುಖ ಮಾಡಿ ಇಟ್ಟೆ.

ನಾನು ಗಾಡಿ ಓಡಿಸುವುದು ತೀರ್ಥಹಳ್ಳಿಯಲ್ಲಿ, ಬೇಸಿಗೆಯಲ್ಲಿ ತುಂಗೆ ಇಳಿದಾಗ ಮೇಲೆ ಬರುವ ಬಂಡೆಗಳ ಮೇಲೆ. ಎಳ್ಳಮಾವಾಸ್ಯೆಯ ಜಾತ್ರೆಗೆ ಬಂದವರು ಆ ಬಂಡೆಗಳನ್ನು ನೋಡಿರುತ್ತಾರೆ. ಮಳೆಗಾಲದ ನೀರು ಉಜ್ಜಿ ಉಜ್ಜಿ ನುಣುಪಾದ ಕಲ್ಲು, ಅಲ್ಲಲ್ಲಿ ಕುಳಿ, ಇಳಿಜಾರು. ಹಳೆಯ ಫೋಮಿನಲ್ಲಿ ನನ್ನ ಗಾಡಿ ಒಂದು ಬಂಡೆಯ ಬದಿಯನ್ನು ಒಮ್ಮೆಯೂ ದಾಟಿರಲಿಲ್ಲ. ಅರ್ಧಕ್ಕೆ ಬರುವಾಗ ಕೆಳಗಿನ ಎರಡು ಟೈರು ರಿಮ್ಮಿನಡಿಗೆ ಮಡಚಿಕೊಂಡು ಗಾಡಿ ಉರುಳಿ ನೀರಿಗೆ ಬೀಳುತ್ತಿತ್ತು. ಹೊಸ ಫೋಮಿಗೆ ಕಚ್ಚು ಹಾಕಿದ ಮರುದಿನ ಬೆಳಿಗ್ಗೆ ಆರೂವರೆಗೆ ಹೋಗಿ, ಪಂಚೆ ಎತ್ತಿ ಕಟ್ಟಿ, ಬಂಡೆಯ ಮೇಲೆ ಹೊಟ್ಟೆ ಅಡಿಯಾಗಿ ಮಲಗಿ ನೋಡಿದೆ. ಕಣ್ಣಿನಿಂದ ಒಂದು ಗೇಣು ದೂರದಲ್ಲಿ ಮುಂದಿನ ಚಕ್ರ. ಕಲ್ಲಿನ ಮೊನೆ ಬಂತು. ಟೈರು ಅದನ್ನು ತಳ್ಳಲಿಲ್ಲ, ಮುದ್ದೆಗೆ ಹೆಬ್ಬೆರಳು ಒತ್ತಿದ ಹಾಗೆ ಅಷ್ಟೇ ಜಾಗದಲ್ಲಿ ಒಳಗೆ ಹೋಯಿತು. ಪಕ್ಕದ ಹಲ್ಲುಗಳು ಎರಡೂ ಬದಿಯಿಂದ ಮೊನೆಯನ್ನು ಕಚ್ಚಿಕೊಂಡವು. ಇನ್ನೂ ಕುಸಿಯಬೇಕೆನ್ನುವಷ್ಟರಲ್ಲಿ ಒಳಗಿನ ಗಟ್ಟಿ ಪದರ ತಡೆಯಿತು. ಗಾಡಿ ಹಾಗೇ ನಿಂತಿತ್ತು, ನಾನು ಟ್ರಿಗ್ಗರ್ ಬಿಟ್ಟರೂ. ಮತ್ತೆ ಒತ್ತಿದೆ. ಬಂಡೆಯ ಬದಿ ದಾಟಿತು. ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬರು ಕೈ ನಿಲ್ಲಿಸಿ, "ಮಗ ಎಲ್ಲಿ, ಆಟದ ಸಾಮಾನು ಮಾತ್ರ ಬಂದಿದೆ?" ಎಂದು ಕೇಳಿದರು. ನನಗೆ ನಲವತ್ತೇಳು ವರ್ಷ.

ಇಷ್ಟಕ್ಕೇ ನಿಲ್ಲಿಸಿ ಬರೆದಿದ್ದರೆ ಐದಕ್ಕೆ ಐದು ಕೊಡುತ್ತಿದ್ದೆ. ಹೊಸ ಫೋಮಿನ ಮೊದಲ ಮಳೆಗಾಲವೂ ಚೆನ್ನಾಗಿಯೇ ಕಳೆಯಿತು. ಹೊಸ ಚಕ್ರ ಒಣಗಿದ್ದಾಗ 172 ಗ್ರಾಂ, ಹಳ್ಳ ದಾಟಿದ ಮೇಲೆ 190ರ ಆಸುಪಾಸು. ಒಳಗಿನ ಪದರ ನೀರು ಮುಟ್ಟುವುದಿಲ್ಲ ನಿಜ, ಆದರೆ ಹೊರಗಿನದು ಹಳೆಯ ಸ್ಪಂಜಿನ ತಂಗಿಯೇ; ಕುಡಿಯುತ್ತದೆ, ಕಡಿಮೆ ಕುಡಿಯುತ್ತದೆ. ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ನೀರು ಹೀರುವುದಿಲ್ಲ ಎಂದು ಬರೆದಿರುವುದು ಅರ್ಧ ಸತ್ಯ ಎಂದು ಆಗಲೇ ಅನ್ನಿಸಿತ್ತು. ಅದನ್ನು ಕ್ಷಮಿಸಿದ್ದೆ.

ಎರಡನೆಯ ಮಳೆಗಾಲದ ಶ್ರಾವಣದಲ್ಲಿ ಮುಂದಿನ ಬಲಚಕ್ರದಿಂದ ಲೊಟಕ್ ಲೊಟಕ್ ಎಂದು ಸದ್ದು ಶುರುವಾಯಿತು. ಈ ಸಲ ಬೇರಿಂಗ್ ಬಿಚ್ಚಲು ಹೋಗಲಿಲ್ಲ, ಅಷ್ಟು ಬುದ್ಧಿ ಬಂದಿತ್ತು. ಇಪ್ಪತ್ತು ಸ್ಕ್ರೂ ಬಿಚ್ಚಿ ನೋಡಿದರೆ ಎರಡು ಪದರಗಳ ನಡುವಿನ ಅಂಟೇ ಬಿಟ್ಟಿತ್ತು. ಒಳಬಳೆ ಒಂದು ಕಡೆ, ಹೊರಬಳೆ ಒಂದು ಕಡೆ. ರಿಮ್ಮು ತಿರುಗಿದರೆ ಹೊರಬಳೆ ಹಿಂದೆ ಉಳಿದು, ಗಂಟಾಗಿ, ಜಾರಿ, ಮತ್ತೆ ಗಂಟಾಗುತ್ತಿತ್ತು. ಒಂದು ತಿಂಗಳಲ್ಲಿ ಇನ್ನೆರಡು ಚಕ್ರಗಳದ್ದೂ ಅದೇ ಕಥೆ. ನೆಂದು ಒಣಗಿ ನೆಂದು ಒಣಗಿ ಅಂಟು ಗರಿಗರಿಯಾಗಿ ಪುಡಿಯಾಗಿತ್ತು. ಕಚ್ಚು ಹಾಕಿದ್ದರಿಂದ ನೀರು ಅಂಟಿನವರೆಗೆ ಬೇಗ ಹೋಗಿರಬಹುದು, ನನ್ನ ಪಾಲಿನ ತಪ್ಪನ್ನು ನಾನು ಒಪ್ಪುತ್ತೇನೆ. ಆದರೆ ಮಾರಿದವರಿಗೆ ಫೋಟೋ ಸಮೇತ ಬರೆದರೆ, ಪ್ರತಿ ಸಲ ನೀರಿಗಿಳಿದ ಮೇಲೂ ಟೈರು ಬಿಚ್ಚಿ ಫೋಮ್ ಒಣಗಿಸಬೇಕಿತ್ತು ಎಂಬ ಉತ್ತರ. ಎಂಬತ್ತು ಸ್ಕ್ರೂ, ಪ್ರತಿ ಸಲ, ಮಲೆನಾಡಿನ ಮಳೆಗಾಲದಲ್ಲಿ! ಒಣಗಿಸುವುದಾದರೂ ಎಲ್ಲಿ? ನಮ್ಮಲ್ಲಿ ಶ್ರಾವಣದಲ್ಲಿ ಒಗೆದ ಬಟ್ಟೆಯೇ ಒಲೆಯ ಮೇಲಿನ ಅಟ್ಟದಲ್ಲಿ ಒಣಗುತ್ತದೆ. ಅಲ್ಲಿ ಫೋಮಿಗೆ ಜಾಗ ಕೇಳುವ ಧೈರ್ಯ ನನಗಿಲ್ಲ.

ಆ ಸಿಟ್ಟಿನಲ್ಲಿ ಮಾಡಿಕೊಂಡ ಕೆಲಸ ಈಗ ಹೆಚ್ಚು ಸಂತೋಷ ಕೊಡುತ್ತಿದೆ. ಊರಿನಲ್ಲಿ ಕಟ್ಟುತ್ತಿದ್ದ ಒಂದು ಕಟ್ಟಡದಲ್ಲಿ ಕಾಂಕ್ರೀಟಿನ ನಡುವೆ ಬಿಟ್ಟ ಸಂದಿಗೆ ಹಗ್ಗದಂಥ ಬೂದುಬಣ್ಣದ ಫೋಮ್ ತುರುಕುತ್ತಿದ್ದರು. ಬ್ಯಾಕರ್ ರಾಡ್ ಎನ್ನುತ್ತಾರೆ. ಸಂದಿಗೆ ಸೀಲಂಟ್ ತುಂಬುವ ಮೊದಲು ಹಾಕುವುದು. ಪಾಲಿಎಥಿಲೀನ್, ಕ್ಲೋಸ್ಡ್ ಸೆಲ್, ಮೀಟರಿನ ಲೆಕ್ಕದಲ್ಲಿ ಮಾರುತ್ತಾರೆ. 20 ಮಿಲಿಮೀಟರ್ ದಪ್ಪದ್ದನ್ನು 22 ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸಿ, ತುದಿಗಳನ್ನು ಅಂಟಿಸಿ ಬಳೆ ಮಾಡಿದರೆ ರಿಮ್ಮಿನ ಮೇಲೆ ಸರಿಯಾಗಿ ಕೂರುತ್ತದೆ. ಒಂದು ಚಕ್ರಕ್ಕೆ ಪಕ್ಕಪಕ್ಕ ಎರಡು ಬಳೆ. ಅದರ ಸುತ್ತ ಹಾಸಿಗೆ ಅಂಗಡಿಯಲ್ಲಿ ಚೂರು ಎಂದು ಬಿಸಾಡುವ 10 ಮಿಲಿಮೀಟರಿನ ಸ್ಪಂಜಿನ ಪಟ್ಟಿ, ನಾಲ್ಕು ಸೆಂಟಿಮೀಟರ್ ಅಗಲ, ಮೂವತ್ತೊಂದು ಉದ್ದ. ಅಂಗಡಿಯವರು ಬಳಸುವ ರಬ್ಬರ್ ಅಂಟನ್ನು ಎರಡೂ ಕಡೆ ಸವರಿ, ಹತ್ತು ನಿಮಿಷ ಬಿಟ್ಟು ಒತ್ತಬೇಕು. ಹಸಿಯಿದ್ದಾಗಲೇ ಒತ್ತಿದರೆ ಹಿಡಿಯುವುದಿಲ್ಲ. ನಾಲ್ಕು ಚಕ್ರಕ್ಕೆ ಎಲ್ಲ ಸೇರಿ ನೂರೈವತ್ತು ರೂಪಾಯಿ ಮುಟ್ಟಲಿಲ್ಲ.

ಕೊಂಡದ್ದರಷ್ಟು ಒಳ್ಳೆಯದೇ? ಅಲ್ಲ. ಬಂಡೆಯ ಬದಿಯಲ್ಲಿ ವಾಲಿದಾಗ ಎರಡು ಬಳೆಗಳ ನಡುವಿನ ಸಂದಿ ಕೊಂಚ ತೆರೆದುಕೊಂಡು ಟೈರು ಒಂದು ಕ್ಷಣ ಅನುಮಾನಿಸುತ್ತದೆ. ಮೊನೆಯನ್ನು ಅಪ್ಪಿಕೊಳ್ಳುವ ಆ ಮೃದುತ್ವವೂ ಇಲ್ಲ. ಹಾಗಾಗಿ ಕೊಂಡ ಫೋಮಿನ ಮೇಲಿನ ಸಿಟ್ಟು ಈಗ ಅರ್ಧ ಇಳಿದಿದೆ. ಅದರ ಒಳಬಳೆ ಇಷ್ಟು ಕಾಲವಾದರೂ ಒಂದು ಚೂರೂ ಕುಗ್ಗಿಲ್ಲ. ಅದನ್ನು ಬಿಸಾಡದೆ ಹೊರಗೆ ನನ್ನ ಸ್ಪಂಜಿನ ಪಟ್ಟಿಯನ್ನೇ ಅಂಟಿಸಿ ಮುಂದಿನ ಎರಡು ಚಕ್ರಗಳಿಗೆ ಹಾಕಿದ್ದೇನೆ. ಹಿಂದಿನವು ಪೂರ್ತಿ ಬ್ಯಾಕರ್ ರಾಡ್. ಒಣನೆಲದಲ್ಲಿ, ಬಯಲುಸೀಮೆಯ ಕಲ್ಲುಗುಡ್ಡಗಳಲ್ಲಿ ಓಡಿಸುವವರು ಕಣ್ಣು ಮುಚ್ಚಿ ಈ ಎರಡು ಪದರದ್ದನ್ನು ಕೊಳ್ಳಬಹುದು. ನಮ್ಮ ಕಡೆಯವರಾದರೆ ಐದಕ್ಕೆ ಮೂರೂವರೆ, ಅದೂ ಕೊಂಡ ದಿನವೇ ಅಂಟಿನ ಗೆರೆಗೆ ಸುತ್ತಲೂ ಇನ್ನೊಮ್ಮೆ ರಬ್ಬರ್ ಅಂಟು ಎಳೆಯುವ ತಾಳ್ಮೆಯಿದ್ದರೆ.

ಇನ್ನೊಂದು, ಯಾವ ಫೋಮ್ ಹಾಕಿದವರಿಗೂ: ಗಾಡಿಯನ್ನು ಚಕ್ರದ ಮೇಲೆ ನಿಲ್ಲಿಸಿ ಇಡಬೇಡಿ. ಎರಡು ವಾರ ಬಿಟ್ಟರೆ ಫೋಮ್ ಅದೇ ಜಾಗದಲ್ಲಿ ಚಪ್ಪಟೆಯಾಗಿ ಕೂತುಬಿಡುತ್ತದೆ. ಹೊಟ್ಟೆಯ ಕೆಳಗೆ ಏನಾದರೂ ಕೊಟ್ಟು ಚಕ್ರಗಳು ಗಾಳಿಯಲ್ಲಿರುವಂತೆ ಇಡಬೇಕು. ಇದಕ್ಕೆ ಮಾರುವ ಸ್ಟ್ಯಾಂಡುಗಳ ಬೆಲೆ ನೋಡಿ ನಾನು ಅಟ್ಟ ಹತ್ತಿ ಅಜ್ಜಿಯ ಕಾಲದ ಹಿತ್ತಾಳೆಯ ಸೇರು ಇಳಿಸಿಕೊಂಡೆ. ಬೋರಲು ಹಾಕಿದರೆ ಟ್ರಕ್ಕಿಗೆ ಅಳತೆ ತೆಗೆದು ಮಾಡಿಸಿದ ಹಾಗಿದೆ. ನಾಗರಪಂಚಮಿಗೆ ತಂಬಿಟ್ಟಿನ ಅಕ್ಕಿ ಅಳೆಯಲು ಸೇರು ಬೇಕೆಂದು ಹೆಂಡತಿ ಕೇಳಿದಾಗ ಮಾತ್ರ ಟ್ರಕ್ಕು ಒಂದು ದಿನ ಮಗುಚಿಕೊಂಡು, ನಾಲ್ಕೂ ಚಕ್ರ ಮೇಲೆ ಮಾಡಿ ಮಲಗಿರುತ್ತದೆ.