ಅಮೃತ್ ಫ್ಯೂಷನ್: ಒಂದು ಚಮಚ ನೀರು ಸಾಕು

ಬೆಂಗಳೂರಿನ ಅಮೃತ್ ಡಿಸ್ಟಿಲರೀಸ್‌ನ ಈ ಸಿಂಗಲ್ ಮಾಲ್ಟ್ ವಿಸ್ಕಿಯಲ್ಲಿ (ಒಂದೇ ಡಿಸ್ಟಿಲರಿಯಲ್ಲಿ ಮೊಳಕೆ ಬರಿಸಿದ ಬಾರ್ಲಿಯಿಂದ ಮಾಡಿದ್ದು) ಎರಡು ಬಾರ್ಲಿಗಳಿವೆ: ಭಾರತದ ಸಾದಾ ಬಾರ್ಲಿ, ಸ್ಕಾಟ್ಲೆಂಡಿನ ಪೀಟ್ (ಉರುವಲಾಗುವ ಜೌಗು ನೆಲದ ಮಣ್ಣು) ಹೊಗೆ ಹಿಡಿದ ಬಾರ್ಲಿ. ಬೇರೆ ಬೇರೆಯಾಗಿ ಭಟ್ಟಿ ಇಳಿಸಿ, ಮಾಗಿಸಿ, ಆಮೇಲೆ ಬರ್ಬನ್ (ಅಮೆರಿಕದ ಮೆಕ್ಕೆಜೋಳದ ವಿಸ್ಕಿ) ಇಟ್ಟಿದ್ದ ಓಕ್ ಪೀಪಾಯಿಗಳಲ್ಲಿ ಬೆರೆಸುತ್ತಾರೆ. ಬರ್ಬನ್ ಇಷ್ಟಪಡುವವರಿಗೆ ಗುರುತು ಸಿಗುವ ವೆನಿಲ್ಲಾ ಅಲ್ಲಿಂದಲೇ ಬರುವುದು. ಬಾಟಲಿ ಮೇಲೆ ವಯಸ್ಸು, ಅಂದರೆ ಪೀಪಾಯಿಯಲ್ಲಿ ಮಾಗಿದ ವರ್ಷ, ಬರೆದಿಲ್ಲ ಅಂತ ಹಿಂಜರಿಯಬೇಡಿ. ಪೀಪಾಯಿಯಿಂದ ಸ್ಕಾಟ್ಲೆಂಡಿನಲ್ಲಿ ವರ್ಷಕ್ಕೆ ಶೇ. 2ರಷ್ಟು ವಿಸ್ಕಿ ಆವಿಯಾದರೆ ಬೆಂಗಳೂರಿನಲ್ಲಿ ಶೇ. 10 ದಾಟುತ್ತದೆ, ಮಾಗುವುದೂ ಬೇಗ.

ಆಲ್ಕೋಹಾಲ್ ಶೇ. 50. ಸುರಿದ ಕೂಡಲೇ ಮೂಗಿಗೆ ಹಿಡಿದರೆ ಘಾಟು ಮಾತ್ರ. ಬಾಯಿ ಕಿರಿದಾದ ಗ್ಲಾಸಿಗೆ 30 ಮಿ.ಲೀ. ಹಾಕಿ, ಹತ್ತು ನಿಮಿಷ ಬಿಡಿ. ಆಮೇಲೆ ಒಂದು ಟೀ ಚಮಚ, ಅಂದರೆ 5 ಮಿ.ಲೀ., ನೀರು ಬೆರೆಸಿದರೆ ಶೇ. 43ರ ಹತ್ತಿರ ಇಳಿಯುತ್ತದೆ. ಆಗ ನೋಡಿ: ಮೊದಲು ಜೇನು, ಕಿತ್ತಳೆ ಸಿಪ್ಪೆ, ಹಿಂದೆಯೇ ಆರಿದ ಒಲೆಯ ಹೊಗೆ. ಎಂಥ ಸೊಗಸು!

ಐಸ್ ಹಾಕಿದರೆ ಮಬ್ಬಾಗಬಹುದು. ಕಲಬೆರಕೆಯಲ್ಲ, ತಣ್ಣಗಾಗಿಸಿ ಸೋಸದ ಕಾರಣ ಉಳಿದ ಕೊಬ್ಬಿನಾಂಶ ಅದು. ಆದರೂ ಐಸ್ ಬೇಡ, ಪರಿಮಳ ಮುಚ್ಚಿಹೋಗುತ್ತದೆ. ಬಾಟಲಿಯನ್ನು ನಿಲ್ಲಿಸಿಯೇ ಇಡಿ; ಮಲಗಿಸಿದರೆ ಕಾರ್ಕ್ ಹಾಳಾಗುತ್ತದೆ.