ಶಿಕಾರಿಯಲ್ಲಿ ದೊಡ್ಡ ರಿವಾಲ್ವರ್: ಸೊಂಟಕ್ಕೋ, ಕಂಕುಳಿಗೋ, ಎದೆಗೋ?

ತೋಟಾ ತುಂಬಿದ ಒಂದೂವರೆ ಕಿಲೋ ಉಕ್ಕನ್ನು ಬೆಳಗಿನಿಂದ ಸಂಜೆಯವರೆಗೆ ಮೈಮೇಲೆ ಎಲ್ಲಿ ಹೊರಬೇಕು? ರಿವಾಲ್ವರ್ ಹಿಡಿದು ಜಿಂಕೆ, ಎಲ್ಕ್ (ಜಿಂಕೆಯ ಜಾತಿಯದೇ ದೊಡ್ಡ ಪ್ರಾಣಿ) ಬೇಟೆಗೆ ಹೋಗುವವರು ಗುಂಡಿನ ತೂಕ, ನಳಿಗೆಯ ಉದ್ದಗಳ ಬಗ್ಗೆ ಗಂಟೆಗಟ್ಟಲೆ ವಾದಿಸುತ್ತಾರೆ. ಹೋಲ್‌ಸ್ಟರಿನ, ಅಂದರೆ ಆಯುಧವನ್ನು ಮೈಗೆ ಕಟ್ಟುವ ಒರೆಯ, ಮಾತು ಬಂದರೆ ಮಾತ್ರ ಅಂಗಡಿಯಲ್ಲಿ ಸಿಕ್ಕಿದ್ದನ್ನು ಕೊಂಡರಾಯಿತು ಎಂದುಬಿಡುತ್ತಾರೆ. ಬೆಟ್ಟ ಹತ್ತಿಳಿಯುವ ಶಿಕಾರಿಯಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಮೈಗೆ ಒತ್ತುವ, ಉಜ್ಜುವ ಆಯುಧವನ್ನು ಯಾರಾದರೂ ಮಧ್ಯಾಹ್ನದ ಹೊತ್ತಿಗೆ ಬಿಚ್ಚಿ ಬೆನ್ನುಚೀಲಕ್ಕೆ ಸೇರಿಸುತ್ತಾರೆ. ಮೂವತ್ತು ಗಜದಲ್ಲಿ ಜಿಂಕೆ ಬಂದು ನಿಂತಾಗ ಚೀಲದೊಳಗಿನ ರಿವಾಲ್ವರ್ ಇದ್ದೂ ಇಲ್ಲದಂತೆ.

ನನ್ನದು ಏಳೂವರೆ ಇಂಚು ನಳಿಗೆಯ ರೂಗರ್ ಸೂಪರ್ ಬ್ಲ್ಯಾಕ್‌ಹಾಕ್, ಹಾರಿಸುವುದು .44 ಮ್ಯಾಗ್ನಮ್ ಎಂಬ ಬಲವಾದ ತೋಟಾ. ಬರಿಯ ತೂಕವೇ ಸುಮಾರು 1.36 ಕಿಲೋ, ಆರು ತೋಟಾ ಸೇರಿದರೆ ಒಂದೂವರೆ. ಹಿಡಿಯಿಂದ ತುದಿಯವರೆಗೆ ಒಂದು ಅಡಿಗಿಂತ ಹೆಚ್ಚು ಉದ್ದ. ಗುರಿ ನೋಡುವ ದುರ್ಬೀನು ಕೂರಿಸಿಲ್ಲ, ಹಾಗಾಗಿ ಅರವತ್ತು ಗಜದಾಚೆಗೆ ಗುಂಡು ಹಾರಿಸುವುದಿಲ್ಲ. ಜಾಗ ಅಮೆರಿಕದ ಮೊಂಟಾನಾ ರಾಜ್ಯದ ಪಶ್ಚಿಮ ಭಾಗದ ಪೈನ್ ಕಾಡು. ಅಲ್ಲಿ ಅಕ್ಟೋಬರ್ ಕೊನೆಯಲ್ಲಿ ಶಿಕಾರಿ ತೆರೆದರೆ ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ನಂತರದ ಭಾನುವಾರದವರೆಗೂ ನಡೆಯುತ್ತದೆ. ಮೊದಲ ವಾರ ಬೆವರು, ಕೊನೆಯ ವಾರ ಮೊಣಕಾಲು ಮುಚ್ಚುವ ಹಿಮ. ಕೊಡಗಿನಲ್ಲಿ ಬೆಳೆದ ನನಗೆ ಕೋವಿ ಎಂದರೆ ಪಟ್ಟಿ ಬಿಗಿದು ಹೆಗಲಿಗೆ ಏರಿಸುವ ವಸ್ತು. ಅದರ ತೂಕ ಎಲ್ಲಿ ಕೂರಬೇಕೆಂದು ಯಾರೂ ಹೇಳಿಕೊಡಬೇಕಿರಲಿಲ್ಲ. ರಿವಾಲ್ವರಿಗೆ ಅಂಥ ಒಂದು ಸಹಜವಾದ ಜಾಗ ಇಲ್ಲ. ಅದಕ್ಕೇ ಒಂದೊಂದಾಗಿ ಕಟ್ಟಿ, ನಡೆದು ನೋಡಬೇಕಾಯಿತು.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಹವ್ಯಾಸದ ಬೇಟೆಗೆ ಜಾಗವಿಲ್ಲ. ಇಲ್ಲಿರುವುದೆಲ್ಲ ಅಮೆರಿಕದಲ್ಲಿ ಪರವಾನಗಿ ಪಡೆದು ಮಾಡುವ ಶಿಕಾರಿಯ ಮಾತು. ಎಚ್-1ಬಿಯಂಥ ವೀಸಾದಲ್ಲಿರುವ ಕನ್ನಡಿಗರಿಗೆ ಇನ್ನೊಂದು ವಿಷಯ: ನಿಮ್ಮಂಥವರು ಬಂದೂಕು ಇಟ್ಟುಕೊಳ್ಳುವುದನ್ನು ಅಲ್ಲಿನ ಫೆಡರಲ್ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ, ಚಾಲ್ತಿಯಲ್ಲಿರುವ ಶಿಕಾರಿ ಪರವಾನಗಿ ಇದ್ದವರಿಗೆ ವಿನಾಯಿತಿ ಇದೆ. ಯಾವುದನ್ನೂ ಕೊಳ್ಳುವ ಮೊದಲು ಅದನ್ನು ವಕೀಲರಲ್ಲಿ ಖಚಿತಪಡಿಸಿಕೊಳ್ಳಿ.

ಎಲ್ಲರೂ ಮೊದಲು ಕಟ್ಟುವುದು ಸೊಂಟದ ಬಲಗಡೆಗೆ. ಕೈ ಇಳಿಬಿಟ್ಟರೆ ಹಿಡಿ ಸಿಗುತ್ತದೆ, ಎಳೆದರೆ ನಳಿಗೆ ನೇರವಾಗಿ ಮುಂದಕ್ಕೆ ಬರುತ್ತದೆ, ಯಾರ ಮೈಯನ್ನೂ ಹಾದುಹೋಗುವುದಿಲ್ಲ. ಬಯಲಿನಲ್ಲಿ, ಬೆನ್ನಿಗೆ ಏನೂ ಇಲ್ಲದೆ ನಡೆಯುವಾಗ ಇದಕ್ಕಿಂತ ಸರಳವಾದದ್ದು ಇಲ್ಲ. ಅಗಲವಾದ, ಎರಡು ಪದರ ಚರ್ಮ ಹೊಲಿದ ಬೆಲ್ಟ್ ಮಾತ್ರ ಬೇಕೇ ಬೇಕು. ಪ್ಯಾಂಟಿನ ಸಾಮಾನ್ಯ ಬೆಲ್ಟಿನ ಮೇಲೆ ಒಂದೂವರೆ ಕಿಲೋ ತೂಗಿದರೆ ಪ್ಯಾಂಟು ಒಂದು ಕಡೆಗೆ ಜಾರುತ್ತದೆ, ಮೂಳೆಯ ಮೇಲೆ ಬೆಲ್ಟಿನ ಅಂಚು ಕೊರೆಯುತ್ತದೆ.

ಆದರೆ ಎಲ್ಕ್ ಶಿಕಾರಿಗೆ ಬೆನ್ನುಚೀಲವಿಲ್ಲದೆ ಹೋಗುವವರು ಯಾರು? ಮಾಂಸ ಹೊರುವ ಚೀಲಕ್ಕೆ ಅಗಲವಾದ ಸೊಂಟಪಟ್ಟಿ ಇರುತ್ತದೆ. ಹೊರೆಯ ಬಹುಪಾಲು ಕೂರುವುದೇ ಅದರ ಮೇಲೆ. ಹೋಲ್‌ಸ್ಟರೂ ಅದೇ ಜಾಗಕ್ಕೆ ಬರುತ್ತದೆ. ಪಟ್ಟಿಯನ್ನು ಹೋಲ್‌ಸ್ಟರಿನ ಮೇಲೆ ಬಿಗಿದರೆ ತೋಟಾ ತುಂಬುವ ಸಿಲಿಂಡರು ಸೊಂಟದ ಮೂಳೆಗೆ ಒತ್ತುತ್ತದೆ, ಹಿಡಿಯೂ ಕೈಗೆ ಸಿಗುವುದಿಲ್ಲ. ಹೋಲ್‌ಸ್ಟರನ್ನು ಪಟ್ಟಿಯ ಕೆಳಗೆ ಇಳಿಸಿದರೆ ಅದು ತೊಡೆಗೆ ಬಡಿಯುತ್ತದೆ, ಹತ್ತುವಾಗ ಮೊಣಕಾಲು ಎತ್ತಿದಷ್ಟು ಸಲವೂ ಬಡಿಯುತ್ತದೆ. ಕೂತರಂತೂ ಏಳೂವರೆ ಇಂಚಿನ ನಳಿಗೆ ನೆಲಕ್ಕೆ ಊರಿ ಹಿಡಿಯನ್ನು ಪಕ್ಕೆಗೆ ತಳ್ಳುತ್ತದೆ, ಒರೆಯ ಬಾಯಿಯಿಂದ ಆಯುಧ ಅರ್ಧ ಮೇಲೆ ಬರುತ್ತದೆ. ಬಿದ್ದ ಮರಕ್ಕೆ ಒರಗಿ ಕೂತು ಇಳಿಜಾರನ್ನು ಕಾಯುವುದು ಈ ಶಿಕಾರಿಯ ಅರ್ಧ ಕೆಲಸ; ಆ ಭಂಗಿಯಲ್ಲಿ ನೆಮ್ಮದಿ ಕೊಡದ ಹೋಲ್‌ಸ್ಟರ್ ನನಗೆ ಬೇಡ. ನಾಲ್ಕು ಇಂಚಿನ ನಳಿಗೆಯವರಿಗೆ ನನ್ನ ತೀರ್ಪು ಅಷ್ಟಾಗಿ ಅನ್ವಯಿಸುವುದಿಲ್ಲ. ಉದ್ದ ನಳಿಗೆಗೆ ಬಲಸೊಂಟ ಕೆಲಸಕ್ಕೆ ಬಾರದು.

ಅದನ್ನೇ ಎಡಸೊಂಟದ ಮುಂಭಾಗಕ್ಕೆ ತಂದು, ಹಿಡಿ ಬಲಗೈಗೆ ಸಿಗುವಂತೆ ಓರೆಯಾಗಿ ಕಟ್ಟಿದರೆ ಚಿತ್ರವೇ ಬದಲಾಗುತ್ತದೆ. ಕೂತಾಗ ನಳಿಗೆ ಎಡತೊಡೆಯ ಹೊರಮೈಗುಂಟ ಹಿಂದಕ್ಕೆ ಮಲಗುತ್ತದೆ, ನೆಲಕ್ಕೆ ಊರುವುದಿಲ್ಲ. ಪಿಕಪ್ ಓಡಿಸುವಾಗ ಸೀಟ್‌ಬೆಲ್ಟಿನ ಕೊಂಡಿ ಬಲಗಡೆ ಇರುವುದರಿಂದ ಅಡ್ಡಿಯಿಲ್ಲ. ಕುದುರೆ ಮೇಲೆ ಹೋಗುವವರು ಬಹಳ ಕಾಲದಿಂದ ಹೀಗೆ ಕಟ್ಟುತ್ತಾ ಬಂದದ್ದಕ್ಕೆ ಕಾರಣವೂ ಇದೇ. ಬೆನ್ನುಚೀಲದ ಪಟ್ಟಿಯ ಜಗಳ ಇಲ್ಲಿಯೂ ಇದೆ. ಪಟ್ಟಿಯ ಮುಂದಿನ ಬಕಲ್ಲಿಗೂ ಎಡ ಮೂಳೆಗೂ ನಡುವೆ ಉಳಿಯುವ ಜಾಗ ತೀರಾ ಕಡಿಮೆ. ಹಗುರ ಚೀಲವಾದರೆ ಸೊಂಟಪಟ್ಟಿಯನ್ನು ಬಿಚ್ಚಿಟ್ಟು ಹೆಗಲ ಮೇಲಷ್ಟೇ ಹೊತ್ತು ನಡೆಯಬಹುದು. ಇನ್ನೊಂದು ಎಚ್ಚರಿಕೆ: ಈ ಕಡೆಯಿಂದ ಎಳೆಯುವಾಗ ನಳಿಗೆಯ ಬಾಯಿ ಎಡದಿಂದ ಬಲಕ್ಕೆ ಅರ್ಧ ವೃತ್ತ ಬೀಸುತ್ತದೆ. ಎಡಗೈ ಅದರ ದಾರಿಗೆ ಬರಬಾರದು, ಎಡಪಕ್ಕದಲ್ಲಿ ಜೊತೆಗಾರ ನಿಂತಿರಬಾರದು. ಮನೆಯಲ್ಲಿ ಖಾಲಿ ಆಯುಧದಿಂದ, ಎಡಗೈಯನ್ನು ಎದೆಗೆ ಒತ್ತಿಹಿಡಿದು ಎಳೆಯುವುದನ್ನು ರೂಢಿ ಮಾಡಿಕೊಂಡ ಮೇಲೆಯೇ ಕಾಡಿಗೆ ಹೋಗಬೇಕು.

ಕಂಕುಳಿಗೆ ತೂಗುವ ಹೋಲ್‌ಸ್ಟರಿನ ಮೇಲೆ ನನಗೆ ದೊಡ್ಡ ನಂಬಿಕೆಯಿತ್ತು, ಏಕೆಂದರೆ ತೂಕ ಹೆಗಲಿಗೆ ಹೋಗುತ್ತದೆ, ಕೋಟಿನೊಳಗೆ ಹಿಮದಿಂದ ಆಯುಧ ಒದ್ದೆಯಾಗುವುದಿಲ್ಲ. ನಡೆದು ನೋಡಿದರೆ ಅದು ಚಳಿಗಾಲದಲ್ಲಿ ಮರದ ಮೇಲಿನ ಮಚಾನಿನಲ್ಲಿ ಕೂರುವುದಕ್ಕಷ್ಟೇ ಸರಿ. ಪಟ್ಟಿಗಳು ಬೆನ್ನುಚೀಲದ ಪಟ್ಟಿಗಳ ಅಡಿಗೆ ಸಿಕ್ಕಿ ಕುತ್ತಿಗೆಯ ಬುಡದಲ್ಲಿ ಉಜ್ಜುತ್ತವೆ. ಇಷ್ಟು ಉದ್ದದ ನಳಿಗೆಯನ್ನು ಅಡ್ಡಲಾಗಿ ಮಲಗಿಸಿದರೆ ಬಾಯಿ ಹಿಂದೆ ಬರುವವರತ್ತ ತಿರುಗಿರುತ್ತದೆ. ಅದನ್ನು ನಾನು ಒಪ್ಪುವುದಿಲ್ಲ. ಲಂಬವಾಗಿ ಇಳಿಬಿಟ್ಟರೆ ತುದಿ ಬೆಲ್ಟಿಗೆ ತಗಲುತ್ತದೆ, ಎಳೆಯಲು ಕೋಟಿನ ಜಿಪ್ಪು ಪೂರ್ತಿ ತೆರೆಯಬೇಕು. ಜಿಪ್ಪಿನ ಸದ್ದಿಗೆ ಬಿಳಿಬಾಲದ ಜಿಂಕೆ ಕಾಯುತ್ತಾ ನಿಲ್ಲುವುದಿಲ್ಲ. ಬಟ್ಟೆಯೊಳಗೆ ಮುಚ್ಚಿದ ಆಯುಧಕ್ಕೆ ರಾಜ್ಯಕ್ಕೊಂದು ಕಾನೂನಿದೆ ಎಂಬುದೂ ನೆನಪಿರಲಿ. ಮೊಂಟಾನಾದಲ್ಲಿ 2021ರಿಂದ ಅದಕ್ಕೆ ಪ್ರತ್ಯೇಕ ಪರವಾನಗಿ ಬೇಕಿಲ್ಲ, ಎಲ್ಲ ಕಡೆಯೂ ಹಾಗಿಲ್ಲ.

ಈಗ ಎದೆಯ ಹೋಲ್‌ಸ್ಟರ್. ಒಂದು ಪಟ್ಟಿ ಬಲಹೆಗಲ ಮೇಲಿನಿಂದ, ಇನ್ನೊಂದು ಎಡಪಕ್ಕೆಯ ಸುತ್ತ. ರಿವಾಲ್ವರ್ ಎದೆಗೂಡಿನ ಕೆಳಗೆ ಓರೆಯಾಗಿ, ಹಿಡಿ ಬಲಗೈಯತ್ತ, ಬಾಯಿ ಎಡಸೊಂಟದತ್ತ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಟ್ಯಾಂಕ್ ಸಿಬ್ಬಂದಿಗೆ ಕೊಟ್ಟ ಎಂ3 ಹೋಲ್‌ಸ್ಟರಿನ ವಂಶದ್ದು ಇದು. ಇಕ್ಕಟ್ಟಾದ ಬಾಗಿಲಲ್ಲಿ ನುಸುಳುವವರಿಗೆ, ದಿನವಿಡೀ ಕೂತಿರುವವರಿಗೆ ಸೊಂಟದ ಒರೆ ಆಗಿಬರಲಿಲ್ಲ. ಎದೆಯವರೆಗೂ ಬರುವ ರಬ್ಬರ್ ಪ್ಯಾಂಟು ತೊಟ್ಟು ನದಿಯಲ್ಲಿ ನಿಲ್ಲುವ ಅಲಾಸ್ಕಾದ ಮೀನುಗಾರಿಕೆ ಗೈಡ್‌ಗಳು ಇದನ್ನೇ ನೆಚ್ಚಿಕೊಂಡಿದ್ದಾರೆ. ಅವರ ಸೊಂಟ ನೀರಿನೊಳಗೆ, ಎದುರಿಗೆ ಕರಡಿ.

ಬೆನ್ನುಚೀಲ ಹೊತ್ತ ಮೇಲೆ ಇದರ ಗುಣ ಗೊತ್ತಾಗುತ್ತದೆ. ಸೊಂಟ ಪೂರ್ತಿ ಖಾಲಿ, ಚೀಲದ ಪಟ್ಟಿ ಅದರ ಜಾಗದಲ್ಲಿ ಅದು ಇರುತ್ತದೆ. ಬೆನ್ನಿನ ಹೊರೆಗೆ ಮುಂದಿನ ಒಂದೂವರೆ ಕಿಲೋ ಸ್ವಲ್ಪ ಸಮತೂಕವನ್ನೂ ಕೊಡುತ್ತದೆ. ಮೊದಲು ಹೋಲ್‌ಸ್ಟರಿನ ಪಟ್ಟಿ, ಅದರ ಮೇಲೆ ಚೀಲದ ಪಟ್ಟಿ: ಈ ಕ್ರಮ ಮುಖ್ಯ, ಇಲ್ಲದಿದ್ದರೆ ಚೀಲ ಇಳಿಸುವಾಗಲೆಲ್ಲ ಎರಡನ್ನೂ ಬಿಚ್ಚಬೇಕು. ಹೆಗಲ ಪಟ್ಟಿ ಅಗಲವಾಗಿ, ಚಪ್ಪಟೆಯಾಗಿ ಇರಲಿ. ಎರಡು ಪಟ್ಟಿ ಒಂದರ ಮೇಲೊಂದು ಕೂರುವ ಜಾಗದಲ್ಲಿ ಒಂದು ಬಕಲ್ ಬಂದರೂ ಗಂಟೆಯೊಳಗೆ ಅಲ್ಲಿ ಕೆಂಪು ಗುರುತು ಏಳುತ್ತದೆ.

ಎದೆಗೆ ಸ್ಪರ್ಧಿ ಮಾತ್ರ ಬೈನಾಕ್ಯುಲರ್. ಅದೂ ಎದೆಯ ಮೇಲೆಯೇ ಇರಬೇಕು, ಶಿಕಾರಿಯಲ್ಲಿ ಅದಕ್ಕೆ ಕೈಹೋಗುವಷ್ಟು ಸಲ ಮತ್ಯಾವುದಕ್ಕೂ ಹೋಗುವುದಿಲ್ಲ. ನಾನು ಕಂಡುಕೊಂಡ ವ್ಯವಸ್ಥೆ ಹೀಗಿದೆ: ಬೈನಾಕ್ಯುಲರ್ ಚೀಲದ ಪಟ್ಟಿಗಳನ್ನು ಎರಡು ಬೆರಳು ಮೇಲಕ್ಕೆ ಬಿಗಿದು ಎದೆಮೂಳೆಯ ಮೇಲೆ ಕೂರಿಸುವುದು, ರಿವಾಲ್ವರನ್ನು ಪಕ್ಕೆಲುಬಿನ ಕೊನೆಯ ಸಾಲಿಗೆ ಇಳಿಸುವುದು. ಇವೆರಡರ ನಡುವೆ ಮುಷ್ಟಿ ತೂರುವಷ್ಟು ಜಾಗ ಇದ್ದರೆ ಹಿಡಿ ಸಲೀಸಾಗಿ ಕೈಗೆ ಬರುತ್ತದೆ. ಕರಡಿಯನ್ನು ಹಿಮ್ಮೆಟ್ಟಿಸುವ ಸ್ಪ್ರೇಯ ಡಬ್ಬಿಯನ್ನು ಚೀಲದ ಸೊಂಟಪಟ್ಟಿಯ ಎಡಕ್ಕೆ ಕಳುಹಿಸಿದ್ದೇನೆ. ಗ್ರಿಜ್ಲಿ ಕರಡಿ ಇರುವ ನಾಡಿನಲ್ಲಿ ರಿವಾಲ್ವರ್ ಇದೆ ಎಂದು ಸ್ಪ್ರೇ ಬಿಟ್ಟುಹೋಗುವುದು ಸಲ್ಲದು.

ಪ್ರಾಣಿ ಬಿದ್ದ ಮೇಲೆ ಇನ್ನೊಂದು ಪರೀಕ್ಷೆ. ಕಡವೆಗಿಂತಲೂ ದೊಡ್ಡದಾದ ಎಲ್ಕ್ ಇಳಿಜಾರಿನಲ್ಲಿ ಬಿದ್ದಿರುತ್ತದೆ. ಮಂಡಿಯೂರಿ, ಎರಡೂ ತೋಳು ಮೊಣಕೈವರೆಗೆ ಒಳಗೆ ಹಾಕಿ ಕರುಳು ತೆಗೆಯಬೇಕು. ಆಗ ಬಾಗಿದರೆ ಎದೆಯ ಹಿಡಿ ಹೊಟ್ಟೆಯ ಮೇಲ್ಭಾಗಕ್ಕೆ ಚುಚ್ಚುತ್ತದೆ. ಪಕ್ಕೆಯ ಪಟ್ಟಿಯನ್ನು ಒಂದು ರಂಧ್ರ ಸಡಿಲಿಸಿ ಇಡೀ ಹೋಲ್‌ಸ್ಟರನ್ನು ಎಡಕಂಕುಳಿನ ಕೆಳಗೆ ಸರಿಸಿದರೆ ಮುಂದೆ ಜಾಗವಾಗುತ್ತದೆ, ಆಯುಧವೂ ಮೈಮೇಲೇ ಇರುತ್ತದೆ. ರಕ್ತದ ವಾಸನೆಗೆ ಕರಡಿ ಬರಬಹುದಾದ ಹೊತ್ತಿನಲ್ಲಿ ರಿವಾಲ್ವರನ್ನು ಬಿಚ್ಚಿ ಮರಕ್ಕೆ ತೂಗುಹಾಕಿ ಕೆಲಸ ಮಾಡಲು ನನಗೆ ಧೈರ್ಯವಿಲ್ಲ. ಬೇರಾವ ಹೋಲ್‌ಸ್ಟರೂ ಹೀಗೆ ಜಾಗ ಬದಲಿಸಿಕೊಡುವುದಿಲ್ಲ. ನನ್ನ ಆಯ್ಕೆಯನ್ನು ನಿರ್ಧರಿಸಿದ್ದು ಇದೊಂದೇ ಗುಣ.

ಎದೆಯ ಹೋಲ್‌ಸ್ಟರಿಗೆ ಕಾನೂನಿನ ಒಂದು ಸೂಕ್ಷ್ಮವೂ ಇದೆ. ಮೊಂಟಾನಾದಲ್ಲಿ ದೊಡ್ಡ ಪ್ರಾಣಿಗಳ ಬಂದೂಕಿನ ಶಿಕಾರಿಗೆ ಸೊಂಟದ ಮೇಲೆ ಕನಿಷ್ಠ 400 ಚದರ ಇಂಚು ಕಿತ್ತಳೆ ಬಣ್ಣ ಕಾಣಬೇಕು. ತೆಳುವಾದ ಕಿತ್ತಳೆ ಅಂಗಿಯ ಮೇಲೆ ಹೋಲ್‌ಸ್ಟರ್, ಬೈನಾಕ್ಯುಲರ್, ಚೀಲದ ಪಟ್ಟಿಗಳನ್ನೆಲ್ಲ ಹೇರಿದರೆ ಮುಂದೆ ಉಳಿಯುವುದು ಬರಿಯ ಚೂರುಗಳು. ಬೆನ್ನನ್ನು ಚೀಲವೇ ಮುಚ್ಚಿರುತ್ತದೆ. ನಾನು ಕಿತ್ತಳೆ ಟೋಪಿ ಹಾಕುತ್ತೇನೆ, ಚೀಲದ ಮೇಲೂ ಕಿತ್ತಳೆ ಹೊದಿಕೆ ಎಳೆಯುತ್ತೇನೆ.

ರಿವಾಲ್ವರಿಗೇ ಪಟ್ಟಿ ಬಿಗಿದು ಕುತ್ತಿಗೆಗೆ ಹಾಕಿಕೊಳ್ಳುವ ಪದ್ಧತಿಯನ್ನೂ ನೋಡಿದೆ. ದುರ್ಬೀನು ಕೂರಿಸಿದ, ಯಾವ ಒರೆಗೂ ಹಿಡಿಸದ ಆಯುಧಕ್ಕೆ ಅದೊಂದು ದಾರಿ. ನಡೆಯುವಾಗ ತೂಗಾಡುತ್ತದೆ, ಪೊದೆಗೆ ಸಿಕ್ಕಿಕೊಳ್ಳುತ್ತದೆ, ಟ್ರಿಗರಿಗೆ ಮುಚ್ಚಿಗೆ ಇಲ್ಲ. ಮುಂದುವರಿಸಲಿಲ್ಲ.

ಚರ್ಮವೋ, ಕೈಡೆಕ್ಸೋ, ನೈಲಾನೋ? ನೈಲಾನ್ ಅಗ್ಗ, ಮಳೆಗೆ ಹೆದರುವುದಿಲ್ಲ. ಆದರೆ ಎಳೆದ ಕೂಡಲೇ ಬಾಯಿ ಮುಚ್ಚಿಕೊಳ್ಳುವುದರಿಂದ ಮರಳಿ ಸೇರಿಸಲು ಎರಡೂ ಕೈ ಬೇಕು, ಆಗ ಎಡಗೈ ನಳಿಗೆಯ ಮುಂದೆ ಬರುತ್ತದೆ. ಕೈಡೆಕ್ಸ್ ಎಂಬ ಗಟ್ಟಿ ಪ್ಲಾಸ್ಟಿಕ್ಕು ಆಕಾರ ಬಿಡುವುದಿಲ್ಲ, ಒದ್ದೆಯಾಗುವುದಿಲ್ಲ; ಒಣಕೊಂಬೆ ತಾಗಿದರೆ ಮಾತ್ರ ಕರಕರ ಸದ್ದು. ಚರ್ಮ ಸದ್ದಿಲ್ಲದ್ದು, ಕೆಲವು ವಾರಗಳಲ್ಲಿ ಎದೆಯ ಆಕಾರಕ್ಕೆ ಬಗ್ಗುತ್ತದೆ. ಅದು ತೇವ ಹಿಡಿಯುತ್ತದೆ, ಆದ್ದರಿಂದ ರಾತ್ರಿ ರಿವಾಲ್ವರನ್ನು ಅದರೊಳಗೆ ಬಿಡುವಂತಿಲ್ಲ. ಒರೆಸಿ, ಎಣ್ಣೆ ಸವರಿ ಬೇರೆಯೇ ಇಡಬೇಕು. ಹತ್ತಿರದಿಂದ ಹೊಂಚುವ ಶಿಕಾರಿಯಾದ್ದರಿಂದ ನಾನು ಚರ್ಮದ ಪಕ್ಷ. ತೋಟಾ ಸಿಡಿಸಲು ಏಟು ಕೊಡುವ ಹಿಂಭಾಗದ ಹ್ಯಾಮರಿನ ಮೇಲೆ ಹಾಯುವ ಪಟ್ಟಿ ಯಾವ ಬಗೆಯಲ್ಲೂ ಇರಲೇಬೇಕು. ರೂಗರ್ 1973ರಿಂದ ತಂದ ಟ್ರಾನ್ಸ್‌ಫರ್ ಬಾರ್ (ಟ್ರಿಗರ್ ಎಳೆದಾಗ ಮಾತ್ರ ಹ್ಯಾಮರಿನ ಏಟನ್ನು ಮುಂದಕ್ಕೆ ದಾಟಿಸುವ ಪಟ್ಟಿ) ಇರುವ ರಿವಾಲ್ವರುಗಳಲ್ಲಿ ಸಿಲಿಂಡರಿನ ಆರೂ ಕೋಣೆ ತುಂಬಬಹುದು. ಅದಕ್ಕಿಂತ ಹಳೆಯ ಸಿಂಗಲ್ ಆ್ಯಕ್ಷನ್ (ಪ್ರತಿ ಗುಂಡಿಗೂ ಹ್ಯಾಮರನ್ನು ಕೈಯಿಂದ ಹಿಂದಕ್ಕೆಳೆಯುವ) ರಿವಾಲ್ವರ್ ಹೊತ್ತವರು, ಮಾರ್ಪಡಿಸಿರದಿದ್ದರೆ, ಹ್ಯಾಮರಿನ ಕೆಳಗಿನ ಕೋಣೆಯನ್ನು ಖಾಲಿ ಬಿಟ್ಟು ಐದನ್ನೇ ತುಂಬಬೇಕು. ಬಿದ್ದಾಗ ಏಟು ಹ್ಯಾಮರಿಗೆ ತಗಲಿದರೆ ಗುಂಡು ಹಾರುವ ಅಪಾಯ ಅವುಗಳಲ್ಲಿ ಇತ್ತು.

ಈಗ ನಾನು ಚೀಲ ಹೊತ್ತು ಬೆಟ್ಟ ಏರುವ ದಿನ ಎದೆಗೆ, ಪಿಕಪ್ಪಿನಲ್ಲಿ ಸುತ್ತಿ ಕಣಿವೆಯ ಅಂಚಿನಲ್ಲಿ ಕಾಯುವ ದಿನ ಎಡಸೊಂಟಕ್ಕೆ ಕಟ್ಟುತ್ತೇನೆ. ಒಂದನ್ನೇ ಕೊಳ್ಳುವವರಿಗೆ ಎದೆಯದ್ದನ್ನೇ ಹೇಳುತ್ತೇನೆ. ಅಂಗಡಿಗೆ ನಿಮ್ಮ ಬೆನ್ನುಚೀಲ, ದಪ್ಪ ಕೋಟು, ಬೈನಾಕ್ಯುಲರ್ ಮೂರನ್ನೂ ಒಯ್ಯಿರಿ. ಎಲ್ಲ ತೊಟ್ಟು, ಖಾಲಿ ಎಂದು ಎರಡು ಸಲ ನೋಡಿದ ರಿವಾಲ್ವರನ್ನು ಸೇರಿಸಿ ನೆಲದ ಮೇಲೆ ಕೂತು ಏಳಿ, ಮಂಡಿಯೂರಿ ಬಾಗಿ, ಒಂದು ಕಾಲನ್ನು ಕುರ್ಚಿಯ ಮೇಲಿಟ್ಟು ಹತ್ತಿ. ಪಟ್ಟಿಯ ಕೊನೆಯ ರಂಧ್ರಕ್ಕೆ ಕೊಂಡಿ ಹೋಗುತ್ತಿದ್ದರೆ ಮುಂದಿನ ಅಳತೆ ಕೇಳಿ. ನವೆಂಬರಿನಲ್ಲಿ ಇನ್ನೊಂದು ಉಣ್ಣೆ ಅಂಗಿ ಸೇರುತ್ತದೆ.