ಹೆದ್ದಾರಿ ಗುಂಡೇಟುಗಳ ಜಾಡು ಹಿಡಿಯಲು ‘ಗನ್ ವಯಲೆನ್ಸ್ ಆರ್ಕೈವ್’ ಎಷ್ಟು ಒದಗುತ್ತದೆ?

ಅಮೆರಿಕದಲ್ಲಿ ನಡೆಯುವ ಬಂದೂಕಿನ ಘಟನೆಗಳನ್ನು ಪೊಲೀಸ್ ಪ್ರಕಟಣೆ, ಪತ್ರಿಕಾ ವರದಿ ಮತ್ತು ಸರ್ಕಾರಿ ದಾಖಲೆಗಳಿಂದ ದಿನವೂ ಆಯ್ದು ಒಂದೆಡೆ ಸೇರಿಸುವ ‘ಗನ್ ವಯಲೆನ್ಸ್ ಆರ್ಕೈವ್’ 2013ರಲ್ಲಿ ಆರಂಭವಾದ ಲಾಭರಹಿತ ಸಂಸ್ಥೆ. ಅರಿಜೋನಾ ರಾಜ್ಯದ ಫೀನಿಕ್ಸ್‌ನ ಹೆದ್ದಾರಿ ಇಂಟರ್‌ಸ್ಟೇಟ್ 10ರಲ್ಲಿ ಹಲವು ವರ್ಷ ಕೆಲಸಕ್ಕೆ ಓಡಾಡಿದ ನಾನು, ಓಡುವ ವಾಹನಗಳ ಮೇಲಿನ ದಾಳಿಗಳಲ್ಲಿ ಏನಾದರೂ ಕ್ರಮ ಕಾಣುತ್ತದೆಯೇ ಎಂಬ ಒಂದೇ ಪ್ರಶ್ನೆಯನ್ನಿಟ್ಟುಕೊಂಡು ಅದರ ಜಾಲತಾಣವನ್ನು ಬಳಸಿ ನೋಡಿದೆ.

ಪ್ರತಿ ಘಟನೆಗೂ ಪ್ರತ್ಯೇಕ ಪುಟವಿದ್ದು, ದಿನಾಂಕ, ಸ್ಥಳ, ಅಕ್ಷಾಂಶ ರೇಖಾಂಶ, ಸತ್ತವರ ಮತ್ತು ಗಾಯಗೊಂಡವರ ಸಂಖ್ಯೆಯ ಜೊತೆಗೆ ಮೂಲ ವರದಿಯ ಕೊಂಡಿಯನ್ನೂ ಕೊಟ್ಟಿರುವುದು ಇದರ ದೊಡ್ಡ ಗುಣ. ಸಂಖ್ಯೆಯನ್ನು ನಂಬಲು ಮನಸ್ಸಾಗದಿದ್ದರೆ ವರದಿಯನ್ನೇ ತೆರೆದು ಓದಬಹುದು. ಘಟನೆಯ ಲಕ್ಷಣಗಳ ಪಟ್ಟಿಯಲ್ಲಿ ರಸ್ತೆ ಜಗಳ, ಓಡುವ ಕಾರಿನಿಂದ ಗುಂಡು, ಗಾಯವಿಲ್ಲದ ಗುಂಡು ಹಾರಾಟ ಎಂಬ ವಿಭಾಗಗಳಿವೆ. ರಸ್ತೆ ಜಗಳದ ಗುಂಡೇಟಿಗೆ 2022ರಲ್ಲಿ 141 ಜನ ಸತ್ತು 413 ಜನ ಗಾಯಗೊಂಡರು ಎಂಬ ಲೆಕ್ಕವನ್ನು ಬಂದೂಕು ನಿಯಂತ್ರಣಕ್ಕಾಗಿ ದುಡಿಯುವ ‘ಎವ್ರಿಟೌನ್’ ಸಂಸ್ಥೆ ತೆಗೆದದ್ದು ಈ ದತ್ತಾಂಶದಿಂದಲೇ.

ಆದರೆ ಹೆದ್ದಾರಿಗೇ ಮೀಸಲಾದ ಲಕ್ಷಣವೊಂದು ನನಗೆ ಸಿಗಲಿಲ್ಲ. ವಿಳಾಸ ನೋಡಿ ನಾವೇ ಆರಿಸಿಕೊಳ್ಳಬೇಕು. ಅಲ್ಲದೆ ರಸ್ತೆ ಜಗಳವೇ ಬೇರೆ, ಹೊಂಚು ಹಾಕಿ ಹೊಡೆಯುವುದೇ ಬೇರೆ. ಓಹಾಯೊದ ಕೊಲಂಬಸ್ ಸುತ್ತ ಇಂಟರ್‌ಸ್ಟೇಟ್ 270ರಲ್ಲಿ 2003ರಲ್ಲಿ ಬಿಡಿಬಿಡಿಯಾಗಿ ಬಂದ ದೂರುಗಳಿಗೆ ಒಂದೇ ಸರಣಿಯ ರೂಪ ಬಂದದ್ದು, ನವೆಂಬರ್ 25ರಂದು ಕಾರಿನಲ್ಲಿದ್ದ ಮಹಿಳೆಯೊಬ್ಬರು ಗುಂಡಿಗೆ ಬಲಿಯಾದ ಮೇಲೆ, ಪ್ರಯೋಗಾಲಯದಲ್ಲಿ ಗುಂಡುಗಳನ್ನು ಹೋಲಿಸಿ ನೋಡಿದಾಗ. ಕೊನೆಗೆ 24 ದಾಳಿಗಳನ್ನು ಒಬ್ಬನೇ ವ್ಯಕ್ತಿಗೆ ಜೋಡಿಸಲಾಯಿತು. ಸರಣಿಯೆಂದರೆ ಏನೆಂದು ಕಲಿಯಲು ಅದಕ್ಕಿಂತ ಸ್ಪಷ್ಟವಾದ ಪ್ರಕರಣವಿಲ್ಲ. ಆದರೆ ಸಂಗ್ರಹ ಆರಂಭವಾಗುವ ಮೊದಲೇ ನಡೆದದ್ದರಿಂದ ಅದು ಇಲ್ಲಿಲ್ಲ.

ನಮ್ಮ ಫೀನಿಕ್ಸ್‌ನ ಪ್ರಕರಣ ಇನ್ನೂ ತೊಡಕಿನದು. 2015ರ ಆಗಸ್ಟ್ 29ರಿಂದ ಸೆಪ್ಟೆಂಬರ್ 10ರವರೆಗೆ ಹನ್ನೊಂದು ವಾಹನಗಳಿಗೆ ಪೆಟ್ಟು ಬಿತ್ತು. ಅವುಗಳಲ್ಲಿ ಕೆಲವಕ್ಕೆ ತಗುಲಿದ್ದು ಗುಂಡೇ ಅಲ್ಲ, ಬೇರೇನೋ. ಹದಿಮೂರು ವರ್ಷದ ಹುಡುಗಿಯೊಬ್ಬಳ ಕಿವಿ ಕೊಯ್ದದ್ದು ಒಡೆದ ಗಾಜು. ಆ ವಾರಗಳಲ್ಲಿ ನನ್ನ ಕಾರಿನ ಮುಂಗಾಜಿಗೂ ಠಣ್ಣೆಂದು ಏನೋ ಬಡಿದು ನಕ್ಷತ್ರದಂಥ ಬಿರುಕು ಮೂಡಿತ್ತು. ಗಾಜಿನ ಅಂಗಡಿಯವನು ಬೆರಳಾಡಿಸಿ ನೋಡಿ, ಲಾರಿಯ ಟೈರಿನಿಂದ ಸಿಡಿದ ಜಲ್ಲಿಕಲ್ಲು ಎಂದ. ಹೆದರಿದ ಊರಿನಲ್ಲಿ ಪ್ರತಿ ಕಲ್ಲೂ ಗುಂಡಾಗುತ್ತದೆ, ವರದಿಗಳನ್ನೇ ಆಧರಿಸಿದ ಯಾವ ಸಂಗ್ರಹಕ್ಕೂ ಈ ಗದ್ದಲ ಸ್ವಲ್ಪಮಟ್ಟಿಗೆ ಸೇರದೆ ಇರದು.

ಆರೋಪಿಯೊಬ್ಬನನ್ನು ಸೆಪ್ಟೆಂಬರಿನಲ್ಲೇ ಬಂಧಿಸಿದರಾದರೂ, ಒಂದು ಗುಂಡು ತಗುಲಿದ್ದು ಯಾವ ಹೊತ್ತಿಗೆ, ಆಗ ಅವನ ಪಿಸ್ತೂಲು ಗಿರವಿ ಅಂಗಡಿಯಲ್ಲಿತ್ತಲ್ಲವೇ ಎಂಬ ಪ್ರಶ್ನೆ ಎದ್ದಿತು. ಗುಂಡುಗಳು ಅದೇ ಪಿಸ್ತೂಲಿನವೆಂಬ ಹೋಲಿಕೆಯೂ ಮರುಪರಿಶೀಲನೆಯಲ್ಲಿ ನಿಲ್ಲದೆ, 2016ರ ಏಪ್ರಿಲ್‌ನಲ್ಲಿ ಮೊಕದ್ದಮೆ ವಜಾ ಆಯಿತು. ವಾಹನಕ್ಕೆ ತೂತು ಬಿದ್ದದ್ದು ಚಾಲಕನಿಗೆ ಎಷ್ಟೋ ಸಲ ತಡವಾಗಿ ತಿಳಿಯುವುದರಿಂದ, ದಿನಾಂಕದ ಕಾಲಂ ಒಂದನ್ನೇ ನೆಚ್ಚಿ ‘ವಾರಾಂತ್ಯದ ರಾತ್ರಿಗಳಲ್ಲಿ ಹೆಚ್ಚು’ ಎಂಬಂಥ ತೀರ್ಮಾನಕ್ಕೆ ಬರುವುದು ದುಡುಕು.

ಉಚಿತ ಸೇವೆಯಿಂದ ಇದಕ್ಕಿಂತ ಹೆಚ್ಚು ಕೇಳುವುದು ನ್ಯಾಯವಲ್ಲ. ಎಲ್ಲಿ, ಯಾವಾಗ ಎಂದು ಹುಡುಕುವ ಓದುಗನಿಗೆ ನಾನು ಇದನ್ನು ಧೈರ್ಯವಾಗಿ ಸೂಚಿಸುತ್ತೇನೆ, ಒಬ್ಬನೇ ಹೊಡೆದನೇ ಎಂದು ಹುಡುಕುವವನಿಗೆ ಸೂಚಿಸಲಾರೆ. ಸಾಲುಗಳನ್ನು ಇಳಿಸಿಕೊಂಡ ಮೇಲೆ ಮೂಲ ವರದಿಗಳನ್ನು ಒಂದೊಂದಾಗಿ ಓದಿ, ನನ್ನ ಹಾಳೆಯಲ್ಲಿ ‘ನಡೆದದ್ದು’, ‘ತಿಳಿದದ್ದು’ ಎಂದು ಎರಡು ಕಾಲಂ ಮಾಡಿಕೊಂಡಿದ್ದೇನೆ. ಮೊದಲನೆಯದರಲ್ಲಿ ಬಹಳಷ್ಟು ಮನೆಗಳು ಖಾಲಿಯೇ ಉಳಿದಿವೆ.